ಬಸು ಎಡಗೈಯಲ್ಲಿ ಬರೆದ ಪೋಸ್ಟರ್

ಇಲ್ಲ... ಯಾರೋ ತಪ್ಪು ಸುದ್ದಿ ಹೇಳಿದ್ದಾರೆ ಅಂತಲೇ ಇನ್ನೂ ಅನ್ನಿಸುತ್ತಿದೆ.

ಇವತ್ತು ಬೆಳಗ್ಗೆ ಹನ್ನೊಂದು ಗಂಟೆ.
ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನ ದಿನಸಿ ಅಂಗಡಿಯ ಗಾಜಿಗೆ ಪೋಸ್ಟರ್ ಅಂಟಿಸುತ್ತಿದ್ದೆ.
ಶನಿವಾರ ನಾವು ತೋರಿಸಬೇಕಿರುವ ಹಳೇ ಕಾಮಿಡಿ ಸಿನಿಮಾದ್ದು.
ಬಸು ಬರೆದ ಪೋಸ್ಟರ್.
ಆಗಲೇ ಸಿಡ್ನಿಯಿಂದ ಅವನ ಹೆಂಡತಿ ಸುಮಾ ಫೋನ್ ಮಾಡಿದಳು.
"ಬಸು ಹೋಗಿಬಿಟ್ರು ಕಣೇ..."
ಟೇಪ್ ಕೈಯಲ್ಲೇ ಉಳಿಯಿತು...
ನನ್ನ ಹಿಂದೆ ಯಾರೋ ಇಬ್ಬರು ಆ ಪೋಸ್ಟರ್ ನೋಡಿ ನಗುತ್ತಿದ್ದರು.

ಅವನನ್ನು ಕಾಣದವರಿಗೆ ಎರಡು ಮಾತು.
ಬಸು ಹುಬ್ಬಳ್ಳಿಯವನು, ನಾನು ಮೈಸೂರಿನವಳು.
ಸ್ಟೂಡೆಂಟ್ ವೀಸಾದಲ್ಲಿ ಬಂದಾಗ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಒಂದೇ ಮನೆಯಲ್ಲಿ ಐದು ಜನ ಇದ್ದೆವು.
ಪಿಆರ್, ಅಂದರೆ ಖಾಯಂ ವಾಸದ ಪರವಾನಗಿ, ಸಿಕ್ಕಮೇಲೆ ನಾನು ಮೆಲ್ಬರ್ನ್‌ಗೆ ಬಂದೆ... ಅವನು ಅಲ್ಲೇ ಗಿರಾವೀನ್‌ನಲ್ಲಿ ಮನೆ ಮಾಡಿದ.
ವಾರವೆಲ್ಲ ಐಟಿ ಸಪೋರ್ಟ್. ವೀಕೆಂಡ್ ಬಂದರೆ ಗ್ಯಾರೇಜಿನಲ್ಲಿ ಬಣ್ಣ, ಬ್ರಷ್.
ಎರಡೂ ಊರಿನಲ್ಲಿ ನಮ್ಮ ಗೆಳೆಯರ ಗುಂಪು ನಡೆಸುವ ಕನ್ನಡ ಸಿನಿಮಾ ಶೋಗಳ ಪೋಸ್ಟರ್‌ಗೆ ಚಿತ್ರ ಅವನದು, ಅಕ್ಷರ ನನ್ನದು.

ಹಳೇ ಕಾಲದ ರೀತಿಯೇ ಆಗಬೇಕು ಅವನಿಗೆ...
ಹಳದಿ ಬ್ಯಾಕ್‌ಗ್ರೌಂಡ್. ಕುಂಬಳಕಾಯಿಯಷ್ಟು ತಲೆ, ಕೆಳಗೆ ಕಡ್ಡಿಯಂಥ ಮೈ. ಮೊಳೆಗೆ ಸಿಕ್ಕಿಕೊಂಡ ಪಂಚೆ.
ಕಂಪ್ಯೂಟರ್‌ನಲ್ಲೇ ಮಾಡಿಬಿಡೋಣ ಅಂದರೆ ಉರಿದುಬೀಳುತ್ತಿದ್ದ.
"ಎಲ್ರೂ ನಗ್ತಿರೋ ಹಾಗೆ ಬರಿಯೋ, ಕಾಮಿಡಿ ಅಂತ ಗೊತ್ತಾಗ್ಲಿ" ಅಂದೆ ಒಂದು ಸಲ.
"ಪೋಸ್ಟರ್‌ನ್ಯಾಗಿನವ್ರು ನಗಬಾರದವಾ. ಪೇಚಿನ್ಯಾಗ ಸಿಕ್ಕೊಂಡು ನಮ್ಮ ಕಡೆ ನೋಡ್ತಿರಬೇಕು. ನಗೂದು ನೋಡಾವ್ರ ಕೆಲಸ" ಅಂದ.
ಆ ಮಾತನ್ನು ನಾನು ಎಷ್ಟೋ ಜನರಿಗೆ ಹೆಮ್ಮೆಯಿಂದ ಹೇಳಿದ್ದೇನೆ.

ಬಸು...
ಎರಡು ತಿಂಗಳ ಹಿಂದೆ ನೀನು ಒಂದು ಪೋಸ್ಟರ್ ಕಳಿಸಿದೆ.
ಗೆರೆಯೆಲ್ಲ ನಡುಗಿತ್ತು. ಮೂಗು ಒಂದು ಕಡೆ, ಮೀಸೆ ಒಂದು ಕಡೆ ಜಾರಿತ್ತು.
"ಬಲಗೈ ಮಾತು ಕೇಳವಲ್ದು ನೋಡ್ರಿ. ಎಡಗೈಲೆ ಬರದೇನಿ" ಅಂತ ನೀನೇ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿದ್ದೆ.
ನಾವು ಸಾಲಾಗಿ ನಗುವ ಎಮೋಜಿ ಹಾಕಿದೆವು... ಮೊದಲನೆಯದು ನನ್ನದೇ.
ನೀನು ಏನು ಹೇಳಿದರೂ ನಗುವುದು ನಮಗೆ ರೂಢಿಯಾಗಿಬಿಟ್ಟಿತ್ತು ಕಣೋ.

ಅಷ್ಟಕ್ಕೇ ಬಿಟ್ಟೆನಾ?
ಡಿಸೈನ್ ಕಲಿತವಳಲ್ಲವಾ ನಾನು...
"ಈ ನಡುಗೋ ಲೈನ್ ಸೂಪರ್! ಪಕ್ಕಾ ಹಳೇ ಸ್ಟೈಲ್. ಇದೇ ಥರ ಇನ್ನೊಂದು ಬರ್ಕೊಡು, ಮೆಲ್ಬರ್ನ್ ಶೋಗೆ" ಅಂತ ಮೆಸೇಜ್ ಮಾಡಿದೆ.
"ಆತು" ಅಂದೆ ನೀನು. ಅಷ್ಟೇ ಅಂದೆ.
ಲೇಟ್ ಆಯಿತು ಅಂತ ನಾನು ಬೈದೆ ಕೂಡ.
"ಹಾಲ್ ಬುಕ್ ಮಾಡಿ ಆಗಿದೆ, ನಿನ್ನ ಸೋಮಾರಿತನ ಸಾಕು" ಅಂದೆ.
ನಿನಗೆ ಸೋಮಾರಿ ಅಂದೆ ಬಸು...

ತಲೆಯೊಳಗೆ ಗಡ್ಡೆ ಇತ್ತಂತೆ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತಂತೆ.
ಯಾರಿಗೂ ಹೇಳಬೇಡ ಅಂದಿದ್ದನಂತೆ ಸುಮಾಗೆ.
ಕೊನೆಗೆ ಎಡಗೈಯಲ್ಲೂ ಬ್ರಷ್ ನಿಲ್ಲುತ್ತಿರಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಬೆರಳಿಗೆ ಕಟ್ಟುತ್ತಿದ್ದವಳು ಅವಳೇ.
ಹತ್ತು ನಿಮಿಷ ಬರೆದರೆ ಮಲಗಿಬಿಡುತ್ತಿದ್ದ... ಮತ್ತೆ ಎದ್ದು ಹತ್ತು ನಿಮಿಷ.
ಹೀಗೆ ಒಂಬತ್ತು ದಿನ.
ಬೇಡ ಅಂದರೆ, "ಆಕಿಗೆ ಈ ಲೈನ್ ಭಾಳ ಸೇರೇದ, ಮಾಡಿಕೊಡ್ತೇನಿ" ಅಂದನಂತೆ.
ಆ ಒಂಬತ್ತು ದಿನ ಅವನು ಹೆಂಡತಿ ಮಗಳ ಜೊತೆ ಸುಮ್ಮನೆ ಕೂತಿರಬಹುದಿತ್ತು. ನಾನು ಕೆಲಸ ಹಚ್ಚಿದ್ದೆ.

ಆಮೇಲೆ ಅಮ್ಮನ ಕೈಯಿಂದ ಅವನ ಮಗಳು ಅನು ಫೋನ್ ತೆಗೆದುಕೊಂಡಳು.
ಹನ್ನೆರಡು ವರ್ಷ. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷ್.
"ಆಂಟಿ... ಡಿಡ್ ಯು ಲೈಕ್ ಇಟ್? ಡ್ಯಾಡ್ ಕೆಪ್ಟ್ ಆಸ್ಕಿಂಗ್."

ಈ ಪೋಸ್ಟರ್ ಅವನು ಕಳಿಸಿ ನಾಲ್ಕು ದಿನವಾಗಿತ್ತು.
ಡೌನ್‌ಲೋಡ್ ಮಾಡಿದ್ದೆ. ಅಕ್ಷರ ಕೂರಿಸಿದ್ದೆ. ಪ್ರಿಂಟ್ ಹಾಕಿಸಿದ್ದೆ.
ಬಸುಗೆ ಒಂದು ರಿಪ್ಲೈ ಕೂಡ ಮಾಡಿರಲಿಲ್ಲ.

"ತುಂಬಾ ಚೆನ್ನಾಗಿದೆ ಪುಟ್ಟಾ" ಅಂದೆ ಅವಳಿಗೆ.
"ಯು ಶುಡ್ ಹ್ಯಾವ್ ಟೋಲ್ಡ್ ಹಿಮ್" ಅಂದಳು.

ನೆಮ್ಮದಿಯಾಗಿ ಹೋಗು ಬಸು... ನಿನ್ನ ಜೀವ ಇನ್ನು ದಣಿಯದಿರಲಿ 🙏