ಚರ್ಚಿನ ಗೇಟಿಗೆ ತೂಗುಬಿದ್ದ ಕೀಲಿಕೈ

ಗಂಗಾವತಿಯಲ್ಲಿ ಐಸ್ ಫ್ಯಾಕ್ಟರಿ ಕಟ್ಟಿದವರು ಕಳೆದ ವರ್ಷ ತೀರಿಕೊಂಡರು. ಊರು ಅವರನ್ನು ‘ಬರ್ಫದ ಸಾವ್ಕಾರ್ರು’ ಎಂದು ಕರೆಯುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಅವರು ಕರಾವಳಿಯ ಕಥೋಲಿಕ ಮನೆತನದವರು. ಭತ್ತದ ಮಿಲ್ಲುಗಳ ಮೋಟಾರು ರಿಪೇರಿಗೆಂದು ಬಂದು ಇಲ್ಲೇ ನೆಲೆ ನಿಂತರು. ಮಿಲ್ಲಿನ ಹಿಂದೆ ಗುಡ್ಡೆಗಟ್ಟಲೆ ಬಿದ್ದಿರುತ್ತಿದ್ದ ಹೊಟ್ಟನ್ನೂ, ಹೊಳೆಯ ಮೀನು ಪೇಟೆ ಮುಟ್ಟುವಷ್ಟರಲ್ಲಿ ನಾರುವುದನ್ನೂ ನಾವೆಲ್ಲ ದಿನಾ ನೋಡುತ್ತಿದ್ದೆವು. ಎರಡನ್ನೂ ಕೂಡಿಸಿ ಯೋಚಿಸಿದವರು ಅವರೊಬ್ಬರೇ. ಹೊಟ್ಟಿನಲ್ಲಿ ಹುಗಿದಿಟ್ಟ ಐಸ್ ಬೇಗ ಕರಗುವುದಿಲ್ಲ. ಎರಡೇ ಬೇಸಿಗೆಯಲ್ಲಿ ಅವರ ಟೆಂಪೊ ಕೊಪ್ಪಳ, ಕುಷ್ಟಗಿ, ಯಲಬುರ್ಗಾದವರೆಗೆ ಓಡತೊಡಗಿತು. ಭಾನುವಾರ ಅದೇ ಟೆಂಪೊವನ್ನು ತೊಳೆದು, ಚಾಪೆ ಹಾಸಿ, ಹೆಂಡತಿಯನ್ನೂ ಮೂವರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು, ದಾರಿಯಲ್ಲಿ ತಮ್ಮ ಧರ್ಮದ ನರ್ಸುಗಳನ್ನು ಹತ್ತಿಸಿಕೊಂಡು ಚರ್ಚಿಗೆ ಹೊರಡುತ್ತಿದ್ದರು. “ಎಷ್ಟ್ ತೊಳದ್ರೂ ಮೀನಿನ ವಾಸನಿ ಹೋಗಂಗಿಲ್ರಿ ಮಾಸ್ತರ. ನಾವು ಬಂದದ್ದು ಫಾದರಿಗೆ ಕಣ್ಣು ಮುಚ್ಚಿದ್ರೂ ಗೊತ್ತಾಗ್ತೈತಿ” ಎಂದು ನಗುತ್ತಿದ್ದರು.

ಅವರಿಗೆ ಎರಡು ನಿಯಮಗಳಿದ್ದವು. ಮೊದಲನೆಯದು, ಸತ್ತವರ ಮನೆಗೆ ಐಸ್ ಮಾರುವುದಿಲ್ಲ, ಸುಮ್ಮನೆ ಕೊಡುವುದು. ಜಾತಿ ಕೇಳುತ್ತಿರಲಿಲ್ಲ, ಓಣಿ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ ಮಾತು: “ಕೂಡ್ರಸ್ತೀರೋ, ಮಲಗಸ್ತೀರೋ?” ನಮ್ಮಲ್ಲಿ ಹೆಣವನ್ನು ಕೂಡ್ರಿಸಿ ಮಣ್ಣು ಮಾಡುವವರೂ ಇದ್ದಾರೆ, ಮಲಗಿಸುವವರೂ ಇದ್ದಾರೆ. ಮಲಗಿಸುವವರಿಗೆ ಉದ್ದನೆಯ ಐಸ್ ಗಡ್ಡೆ ಸಾಕು. ಕೂಡ್ರಿಸುವವರಿಗೆ ಬೆನ್ನಿಗೂ ಎರಡು ಮಗ್ಗುಲಿಗೂ ನಿಲ್ಲುವಂತೆ ಗಡ್ಡೆಯನ್ನು ಹಲಗೆಯಾಗಿ ಕೊಯ್ಯಬೇಕು. ಅದಕ್ಕೆಂದೇ ಒಂದು ಗರಗಸವನ್ನು ಬಾಗಿಲ ಹಿಂದೆ ಇಟ್ಟಿದ್ದರು.

ಎರಡನೆಯದು, ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಫ್ಯಾಕ್ಟರಿಗೆ ಬೀಗ. ಯೇಸು ಶಿಲುಬೆಯ ಮೇಲಿದ್ದ ಆ ಮೂರು ತಾಸು ಅವರು ಚರ್ಚಿನಲ್ಲಿ ಮೊಣಕಾಲೂರಿ ಇರುತ್ತಿದ್ದರು. ಕೀಲಿಕೈ ಅವರ ಕಿಸೆಯಲ್ಲಿರುತ್ತಿತ್ತು.

ನಿಯಮದ ವಿಷಯದಲ್ಲಿ ನಾನೂ ಕಡಿಮೆಯವನಲ್ಲ. ಹೆಡ್‌ಮಾಸ್ತರನಾಗಿದ್ದಾಗ ಎರಡನೆಯ ಗಂಟೆ ಹೊಡೆದ ಕೂಡಲೇ ಶಾಲೆಯ ಗೇಟು ಹಾಕಿಸುತ್ತಿದ್ದೆ. ಒಮ್ಮೆ ಅವರ ನಡುವಿನ ಮಗಳು ನಾಲ್ಕು ನಿಮಿಷ ತಡವಾಗಿ ಬಂದಳು. ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಲ್ಲಿಸಿದೆ. ಸಾವ್ಕಾರ್ರು ಜಗಳಕ್ಕೆ ಬಂದಾರು ಎಂದುಕೊಂಡಿದ್ದೆ. ಬರಲಿಲ್ಲ. ಮಾರನೆಯ ದಿನದಿಂದ ಮಗಳನ್ನು ಹತ್ತು ನಿಮಿಷ ಮೊದಲೇ ತಂದು ಬಿಟ್ಟರು. ಅಂದಿನಿಂದ ನಮ್ಮ ಸ್ನೇಹ ಗಟ್ಟಿಯಾಯಿತು.

ನನ್ನ ಅವ್ವ ತೀರಿಕೊಂಡದ್ದು ಒಂದು ಶುಭ ಶುಕ್ರವಾರ, ಬೆಳಗಿನ ಹನ್ನೊಂದಕ್ಕೆ. ನಿವೃತ್ತಿಗೆ ನನಗಿನ್ನೂ ಎರಡು ವರ್ಷವಿತ್ತು. ತಂಗಿ ಪುಣೆಯಲ್ಲಿದ್ದಳು. ಫೋನಿನಲ್ಲಿ ಒಂದೇ ಮಾತು ಹೇಳಿದಳು: “ಅಣ್ಣಾ, ಅವ್ವನ ಮಾರಿ ತೋರಿಸು.” ಅವಳು ಬಂದು ಮುಟ್ಟುವುದು ಮರುದಿನ ಮುಂಜಾನೆ.

ಬಿಸಿಲು ಧಗಧಗ ಉರಿಯುತ್ತಿತ್ತು. ಸೋದರಮಾವ ಅಂಗಳದಲ್ಲಿ ನಿಂತು ಆಕಾಶ ನೋಡಿದರು. “ಇಂಥಾ ಬಿಸಲಾಗ ನಾಳಿತನಕ ಹೆಂಗ್ ಇಡ್ತಿ ತಮ್ಮಾ?”

“ಬರ್ಫ ತರ್ತೀನಿ ಮಾವಾ.”

“ತಂದ್ರ ಇಡೂಣು. ನಾಲ್ಕರ ಮಟ ಕಾಯ್ತೀನಿ. ಆಮ್ಯಾಲೆ ಎತ್ತೂದ.”

ಫ್ಯಾಕ್ಟರಿಗೆ ಹೋದಾಗ ಹನ್ನೆರಡು ದಾಟಿತ್ತು. ಬೀಗ ಹಾಕಿತ್ತು. ಊರಲ್ಲಿ ಇನ್ನೊಂದು ಐಸ್ ಫ್ಯಾಕ್ಟರಿ ಇರಲಿಲ್ಲ. ವಾಚ್‌ಮನ್ ಹೇಳಿದ: “ಸಾವ್ಕಾರ್ರು ಚರ್ಚಿನ್ಯಾಗ ಅದಾರ್ರಿ. ಹೋಗಿ ಕರೀರಿ, ಬರ್ತಾರ.”

ಹೋದೆ. ಆದರೆ ಕರೆಯಲಿಲ್ಲ. ಗೇಟಿನ ಬಳಿಯ ಬೇವಿನ ಮರದ ಕೆಳಗೆ ನಿಂತೆ. ತೆರೆದ ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ಇಪ್ಪತ್ತು ಹೆಜ್ಜೆ, ಅಷ್ಟೆ. ಅವರ ಮಗಳನ್ನು ನಾಲ್ಕು ನಿಮಿಷಕ್ಕಾಗಿ ಹೊರಗೆ ನಿಲ್ಲಿಸಿದವನು ಇವತ್ತು ನನ್ನ ಗರಜಿಗೆ ಅವರ ನಿಯಮ ಹೇಗೆ ಮುರಿಸಲಿ? ಮೂರಕ್ಕೆ ಬಿಟ್ಟರೆ ನಾಲ್ಕರೊಳಗೆ ಮನೆ ಮುಟ್ಟಬಹುದು ಎಂದು ಲೆಕ್ಕ ಹಾಕಿದೆ. ಗಡಿಯಾರ ನೋಡುತ್ತ ನಿಂತೆ. ಈಗ ಹೇಳಲು ನಾಚಿಕೆಯಾಗುತ್ತದೆ, ಎರಡೂವರೆ ತಾಸು ಹಾಗೆಯೇ ನಿಂತೆ.

ಮೂರಕ್ಕೆ ಅವರು ಹೊರಬಂದರು. ಬರಿಗಾಲು, ಬಿಳಿ ಅಂಗಿ. ನನ್ನನ್ನು ಕಂಡು ನಿಂತರು.

“ಮಾಸ್ತರ, ಯಾರು?”

“ಅವ್ವ.”

“ಯಾವಾಗ ಬಂದ್ರಿ ಇಲ್ಲಿ?”

“ಹನ್ನೆರಡೂವರಿಗೆ.”

ಅವರ ಮುಖ ಕೆಂಪಾಯಿತು. ಸಿಟ್ಟು ಬಂದರೆ ಅವರ ನಾಲಿಗೆ ಕರಾವಳಿಯ ಊರಿಗೆ ಓಡುತ್ತಿತ್ತು. “ಎಂಥದು ಮಾರಾಯ್ರೇ! ತಾಯಿಯನ್ನು ಬಿಸಿಲಿಗೆ ಬಿಟ್ಟು ಇಲ್ಲಿ ಮರ ಕಾಯುವುದಾ?” ಆಮೇಲೆ ನಮ್ಮ ಮಾತಿಗೆ ಮರಳಿದರು: “ಒಳಗ ಬಂದು ಹೆಗಲು ಮುಟ್ಟಿದ್ರ ಸಾಕಾಗಿತ್ತಲ್ರಿ. ಅದೇನ್ ನಿಮ್ಮ ಸಾಲಿ ಗೇಟಾ, ಗಂಟಿ ಹೊಡದ ಮ್ಯಾಲೆ ದೇವರು ಒಳಗ ಬಿಡಂಗಿಲ್ಲ ಅನ್ನಾಕ?”

ನೇರ ಫ್ಯಾಕ್ಟರಿಗೆ ಹೋಗಿ ಬೀಗ ತೆಗೆದರು. ಕೆಲಸಗಾರರಿಗೆ ಅಂದು ಮಧ್ಯಾಹ್ನದಿಂದ ರಜೆ. ಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆದು ಟೆಂಪೊಗೆ ಏರಿಸಿದವರು ನಾವಿಬ್ಬರೇ. ಟೆಂಪೊ ಬಿಟ್ಟವರೂ ಅವರೇ, ಹಾರ್ನ್ ಮೇಲಿನ ಕೈ ತೆಗೆಯದೆ. ನಮ್ಮ ಓಣಿ ಹೊಕ್ಕಾಗ ನಾಲ್ಕಕ್ಕೆ ಹತ್ತು ನಿಮಿಷ ಉಳಿದಿತ್ತು. ಅವ್ವನನ್ನು ಕೂಡ್ರಿಸಿದ್ದರು. ಹೊರುವವರು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ನಿಂತಿದ್ದರು.

“ಗಡ್ಡಿ ಇಳಸ್ರಿ, ಟವೆಲ್ ಬಿಚ್ರಿ!” ಎಂದು ಕೂಗುತ್ತಲೇ ಸಾವ್ಕಾರ್ರು ಒಳಗೆ ಬಂದರು. ಅಂಗಳದಲ್ಲಿ ಕೂತು ಹಲಗೆ ಕೊಯ್ದರು. ಗೋಣಿ ಸುತ್ತಿದರು, ಹೊಟ್ಟು ತುಂಬಿದರು. ಬೆನ್ನಿಗೊಂದು, ಮಗ್ಗುಲಿಗೆ ಎರಡು. ಹಣೆಯ ವಿಭೂತಿಗೆ ಒಂದು ಹನಿಯೂ ತಾಗದಂತೆ ಇಟ್ಟರು. ಅತ್ತೆ ಚಹಾ ತಂದರು. “ಇವತ್ತ ಉಪವಾಸ್ರಿ ತಾಯಿ” ಎಂದು ಕೈಮುಗಿದರು. ಬೆಳಗಾಗುವುದರೊಳಗೆ ಮೂರು ಸಲ ಬಂದು ಹಲಗೆ ಬದಲಿಸಿದರು.

ತಂಗಿ ಏಳಕ್ಕೆ ಬಂದಳು. ಅವ್ವನ ಕೆನ್ನೆಗೆ ಕೆನ್ನೆ ಹಚ್ಚಿ ಬಹಳ ಹೊತ್ತು ಕೂತಳು. “ಮಲಗಿ ಎದ್ದಂಗ ಅದಾಳ ಅಣ್ಣಾ” ಎಂದಳು. ಬಾಗಿಲಲ್ಲಿ ನಿಂತಿದ್ದ ಸಾವ್ಕಾರ್ರು ಗರಗಸ ಎತ್ತಿಕೊಂಡು ಹೊರಟುಹೋದರು.

ಉಳಿದ ಎರಡು ವರ್ಷ ನಾನು ಶಾಲೆಯ ಗೇಟು ಹಾಕಿಸಲಿಲ್ಲ. ತಡವಾದವರು ಒಳಗೆ ಬಂದು ಕಾರಣ ಹೇಳಬೇಕು ಎಂದೆ.

ಮರುವರ್ಷದ ಶುಭ ಶುಕ್ರವಾರ ಚರ್ಚಿನ ಮುಂದೆ ಹಾದುಹೋಗುವಾಗ ಗೇಟಿನ ಕಂಬಕ್ಕೆ ಒಂದು ಹೊಸ ಮೊಳೆ ಕಂಡಿತು. ಅದಕ್ಕೆ ಫ್ಯಾಕ್ಟರಿಯ ಕೀಲಿಕೈ ತೂಗುಬಿದ್ದಿತ್ತು. ಮೂರು ತಾಸಿನ ಪ್ರಾರ್ಥನೆ ಅವರು ಬಿಟ್ಟಿರಲಿಲ್ಲ, ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಳ್ಳುವುದನ್ನು ಬಿಟ್ಟಿದ್ದರು. ಯಾಕೆ ಎಂದು ಆಮೇಲೆ ಕೇಳಿದೆ. “ನಿಮ್ಮಂಥ ಶಿಸ್ತಿನ ಮಂದಿ ಊರಾಗ ಇನ್ನಾ ಇರಬೌದಲ್ರಿ” ಎಂದರು.

ಅವರು ಹೋದ ದಿನ ನಾನು ಫ್ಯಾಕ್ಟರಿಗೆ ಹೋಗಿ ಗರಗಸ ತೆಗೆದುಕೊಂಡೆ. ಈಗ ಫ್ಯಾಕ್ಟರಿ ನಡೆಸುವವಳು ಆ ನಡುವಿನ ಮಗಳೇ. ಅಳುವಿನ ನಡುವೆಯೇ ನನ್ನ ಕೈ ಹಿಡಿದಳು: “ಗರಗಸ ಬ್ಯಾಡ್ರಿ ಸರ್. ಅಪ್ಪಾನ್ನ ಮಲಗಸ್ತೀವಿ. ಉದ್ದನ್ನ ಗಡ್ಡಿ ಸಾಕು.” ಅಷ್ಟು ವರ್ಷ ನೋಡಿಯೂ ಮೊದಲು ಕೇಳಬೇಕಾದ ಮಾತನ್ನೇ ಕೇಳುವುದನ್ನು ಮರೆತಿದ್ದೆ.

ಈ ವರ್ಷದ ಶುಭ ಶುಕ್ರವಾರ ಸೈಕಲ್ ಹತ್ತಿ ಚರ್ಚಿನ ತನಕ ಹೋದೆ. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಕೀಲಿಕೈ ಆಗಲೇ ಮೊಳೆಯ ಮೇಲಿತ್ತು. ಸೈಕಲ್ ತಿರುಗಿಸಿ ಊಟಕ್ಕೆ ಮನೆಗೆ ಬಂದೆ.