ರಘೋತ್ತಮಾಚಾರ್ಯರ ಮಾನಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಊರುಗಳಿಂದ ವರ್ಗವಾಗಿ ಹೋದ ಯಾವ ಅಧಿಕಾರಿಯೂ ರಘೋತ್ತಮಾಚಾರ್ಯರ ಕೈಯಿಂದ ತಪ್ಪಿಸಿಕೊಂಡಿಲ್ಲ. ಮಾಮಲೇದಾರ, ಫೌಜದಾರ, ಹೆಡ್‌ಮಾಸ್ತರ, ದನದ ಡಾಕ್ಟರ, ಯಾರೇ ಹೊರಡಲಿ, ಬೀಳ್ಕೊಡುವ ಸಭೆಯಲ್ಲಿ ಗಾಜಿನ ಚೌಕಟ್ಟು ಹಾಕಿದ ಮಾನಪತ್ರ ಕೊಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಬರೆಯುವವರೂ ಆಚಾರ್ಯರೇ, ಸಭೆಯಲ್ಲಿ ರಾಗ ಎಳೆದು ಓದುವವರೂ ಅವರೇ. ಬೈಲಹೊಂಗಲದ ಬಜಾರದ ಅಚ್ಚುಕೂಟದಲ್ಲಿ ಅದಕ್ಕೆ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವನು ನಾನು, ಅಂದಾನೆಪ್ಪ.

ಆಚಾರ್ಯರು ಕನ್ನಡ ಸಾಲೆಯ ಮಾಸ್ತರರಾಗಿ ನಿವೃತ್ತರಾದವರು. ವೈದಿಕ ಮನೆತನ. ಊಟದಲ್ಲಿ ಎಷ್ಟು ಮಡಿಯೋ, ಸತ್ಯದ ವಿಷಯದಲ್ಲಿ ಅಷ್ಟೇ ಉದಾರಿ. ಅವರ ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ಅವರು ಜೀವಮಾನದಲ್ಲಿ ಬರೆದದ್ದು ಒಂದೇ ಮಾನಪತ್ರ, ಅದೂ ೧೯೫೧ರಲ್ಲಿ. ‘ಗಾಂಭೀರ್ಯದಲ್ಲಿ ಸಮುದ್ರ, ಧೈರ್ಯದಲ್ಲಿ ಮೇರು, ಕರುಣೆಯಲ್ಲಿ ಕಾಮಧೇನು’ ಎಂದು ಶುರುವಾಗುವ ಆ ಮ್ಯಾಟರನ್ನು, ಎಂದರೆ ಜೋಡಿಸಿದ ಮೊಳೆಗಳನ್ನು, ನಾನು ಬಿಚ್ಚದೆ, ದಾರದಿಂದ ಬಿಗಿದು ತಟ್ಟೆಯಲ್ಲಿ ಇಟ್ಟಿದ್ದೆ. ಅಧಿಕಾರಿ ಬದಲಾದಾಗ ಹೆಸರು ಬದಲಿಸುವುದು, ಅಷ್ಟೇ ಕೆಲಸ. ಹೊಗಳಿಕೆ ಎಂಬುದು ನಮ್ಮಲ್ಲಿ ನಿಜಕ್ಕೂ ಕಟ್ಟಿಟ್ಟ ಬುತ್ತಿ. ಲಂಚ ತಿಂದು ಎತ್ತಂಗಡಿಯಾದ ಒಬ್ಬ ಪುಣ್ಯಾತ್ಮನೂ ಕಾಮಧೇನುವಾಗಿಯೇ ಬಸ್ಸು ಹತ್ತಿದ.

೧೯೭೬ರ ಜನವರಿಯಲ್ಲಿ ಊರ ಹೊರಗಿನ ಮಿಶನ್ ದವಾಖಾನೆಯ ಕಾಲ್ವರ್ಟ್ ಸಾಹೇಬರು ಮತ್ತು ಅವರ ಹೆಂಡತಿ ತಮ್ಮ ದೇಶಕ್ಕೆ ಹೊರಟರು. ಆಕೆಯನ್ನು ಎಲ್ಲರೂ ಡಾಕ್ಟರಬಾಯಿ ಎನ್ನುತ್ತಿದ್ದರು. ಮುರಗೋಡ, ಯರಗಟ್ಟಿ, ಕಟಕೋಳದವರೆಗೆ ಹಳೆಯ ಜೀಪಿನಲ್ಲಿ ತಿರುಗಿ ಇಪ್ಪತ್ತೆಂಟು ವರ್ಷ ಬಾಣಂತನ ಮಾಡಿದವರು. ಸಾಹೇಬರು ಜೀಪು ಓಡಿಸುತ್ತಿದ್ದರು, ಭಾನುವಾರ ಪ್ರವಚನ ಹೇಳುತ್ತಿದ್ದರು. ಜನ ಔಷಧ ತೆಗೆದುಕೊಂಡು ಪ್ರವಚನವನ್ನು ಅವರಿಗೇ ಬಿಟ್ಟು ಬರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ‘ಮಾತು ಕಡಿಮೆ, ಹೆಚ್ಚು ದುಡಿಮೆ’ ಎಂದು ಬೋರ್ಡು ಬರೆಸಿದ್ದ ತುರ್ತು ಪರಿಸ್ಥಿತಿಯ ಕಾಲ ಅದು. ಬೀಳ್ಕೊಡುವ ಸಭೆಗೆ ಹನ್ನೊಂದು ಮಂದಿ ಭಾಷಣಕಾರರು ಗೊತ್ತಾದರು.

ಈ ಸಲ ಬರೀ ಹೆಸರು ಬದಲಿಸಿದರೆ ಸಾಲದು, ಏಷ್ಯಾ ಖಂಡವೆಲ್ಲ ಸುತ್ತಿದ ಜೋಡಿ, ಪ್ರವಾಸದ ಒಂದು ಪ್ಯಾರಾ ಸೇರಿಸಬೇಕು ಎಂದು ಆಚಾರ್ಯರು ನನ್ನನ್ನು ಕರೆದುಕೊಂಡು ಸಾಹೇಬರ ಬಂಗಲೆಗೆ ಹೋದರು. ಚಹಾ ಬಂತು. ‘ಇವತ್ತ ಏಕಾದಶಿ ಅದರಿ,’ ಎಂದರು ಆಚಾರ್ಯರು. ಅವರು ಆ ಬಂಗಲೆಗೆ ಯಾವಾಗ ಹೋದರೂ ಏಕಾದಶಿಯೇ ಇರುತ್ತಿತ್ತು.

ಸಾಹೇಬರು ಹೇಳಿದರು: ಮೊದಲು ಸಿಲೋನ್, ಆಮೇಲೆ ಮಲಯದ ಪೆನಾಂಗ್, ಅಲ್ಲಿಂದ ರಂಗೂನ್. ಯುದ್ಧದಲ್ಲಿ ಬಾಂಬು ಬಿದ್ದಾಗ ಇಬ್ಬರೂ ಕಾಡಿನಲ್ಲಿ ಇಪ್ಪತ್ತಮೂರು ದಿನ ನಡೆದು ಮಣಿಪುರ ಸೇರಿದ್ದರು. ಆಚಾರ್ಯರು ಬರೆದುಕೊಂಡದ್ದು ‘ಏಷ್ಯಾ ಖಂಡದ ದಿಗ್ವಿಜಯ’ ಎಂದು.

‘ದಿಗ್ವಿಜಯ ಅಲ್ಲರಿ ಆಚಾರ್ಯರ, ನಾವು ಓಡಿ ಬಂದ್ವಿ,’ ಎಂದರು ಸಾಹೇಬರು.

‘ಮಾನಪತ್ರದಾಗ ಯಾರೂ ಓಡೂದಿಲ್ರಿ ಸಾಹೇಬರ. ಬಿಜಯಂಗೈತಾರ.’

ಆಗ ಡಾಕ್ಟರಬಾಯಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ರೋಗಿಗಳಿಂದಲೇ ಭಾಷೆ ಕಲಿತಿದ್ದರಿಂದ ಆಕೆಯ ಮಾತು ನಮ್ಮೂರಿನ ಯಾವ ಅಜ್ಜಿಗೂ ಕಡಿಮೆಯಿರಲಿಲ್ಲ. ‘ನಂದೊಂದು ಮಾತೈತ್ರಿ ಆಚಾರ್ಯರ. ನಮಗೊಬ್ಬಾಕಿ ಮಗಳಿದ್ಲು, ಮಾರ್ಗರೆಟ್. ಪೆನಾಂಗಿನಾಗ ಮೂರು ವರ್ಷದಾಕಿ ಇದ್ದಾಗ ಜ್ವರಾ ಬಂದು ಹೋದ್ಲು. ಆ ಗೋರಿ ಕಡೆ ಮತ್ತ ಹೋಗಾಕ ಆಗಲಿಲ್ಲ ನಮಗ. ನೀವು ಕೊಡೂ ಕಾಗದ ನಮ್ಮ ಮನಿ ಗ್ವಾಡಿ ಮ್ಯಾಲ ಇರತೈತಿ. ಅದರಾಗ ಆಕಿ ಹೆಸರು ಒಂದು ಸಾಲು ಇರಲ್ರಿ.’

ಆಚಾರ್ಯರು ಕನ್ನಡಕ ತೆಗೆದು ಒರೆಸಿದರು. ‘ಅದೊಂದು ಆಗೂದಿಲ್ರಿ ಬಾಯಾರ. ಇದು ಮಂಗಳಪತ್ರ. ಇದರಾಗ ಸಾವಿನ ಮಾತು ಬಂದ್ರ ಕೊಟ್ಟವರಿಗೂ ಒಳ್ಳೇದಲ್ಲ, ತಗೊಂಡವರಿಗೂ ಒಳ್ಳೇದಲ್ಲ.’

‘ಆತು ಬಿಡ್ರಿ,’ ಎಂದರು ಆಕೆ. ಒಳಗೆ ಹೋಗಿ ಆಚಾರ್ಯರ ಹೆಂಡತಿಯ ಮೊಣಕಾಲು ನೋವಿಗೆ ಮುಲಾಮಿನ ಡಬ್ಬಿ ತಂದುಕೊಟ್ಟರು. ಆಚಾರ್ಯರು ಅದನ್ನು ಜೇಬಿಗಿಳಿಸಿದರು. ಮುಲಾಮಿಗೆ ಏಕಾದಶಿಯ ಅಡ್ಡಿ ಇರಲಿಲ್ಲ.

ನನಗೆ ಸಿಟ್ಟು ಬಂದದ್ದಕ್ಕೆ ಕಾರಣವಿದೆ. ೧೯೫೩ರಲ್ಲಿ ಆಚಾರ್ಯರ ಹೆಂಡತಿ ಮಥುರಾಬಾಯಿ ಹೆರಿಗೆಯಲ್ಲಿ ಎರಡು ದಿನ ಒದ್ದಾಡಿದರು. ಕೂಸು ಅಡ್ಡಬಿದ್ದಿತ್ತು. ಕೊನೆಗೆ ಆಚಾರ್ಯರು ಸವಾರಿ ಬಂಡಿಗೆ ನಾಲ್ಕೂ ಕಡೆ ಸೀರೆ ಕಟ್ಟಿ, ಯಾರಿಗೂ ತಿಳಿಯಬಾರದೆಂದು ಹಾಡಹಗಲು ಬಜಾರದ ನಡುವೆಯೇ ಮಿಶನ್ ದವಾಖಾನೆಗೆ ಹೊಡೆಸಿದರು. ತಾಯಿ ಬದುಕಿದರು, ಮಗ ಪಾಂಡುರಂಗ ಹುಟ್ಟಿದ. ಆಮೇಲೆ ಇಬ್ಬರಿಗೂ ಪಂಚಗವ್ಯದ ಶುದ್ಧಿಯಾಯಿತು. ಮಗ ಹರಕೆಯಿಂದ ಹುಟ್ಟಿದನೆಂದು ಆಚಾರ್ಯರು ಊರಿಗೆಲ್ಲ ಹೇಳಿದರು. ಬಂಡಿ ನೋಡಿದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ಬಂಗಲೆಯಲ್ಲಿ ನಡೆದದ್ದನ್ನು ನಾನು ನನ್ನ ಹೆಂಡತಿ ಸಿದ್ದಲಿಂಗವ್ವನಿಗೆ ಹೇಳಿದೆ. ಆಕೆಗೆ ಹೇಳಿದ ಮೇಲೆ ಬೈಲಹೊಂಗಲಕ್ಕೆ ಬೇರೆ ಪೇಪರು ಬೇಕಿರಲಿಲ್ಲ.

ಮೂರನೆಯ ದಿನ ಆಚಾರ್ಯರು ಅಚ್ಚುಕೂಟದಲ್ಲಿ ಕೂತು ಕರಡು ತಿದ್ದುತ್ತಿದ್ದಾಗ ಮಥುರಾಬಾಯಿ ಬಂದು ಹೊಸ್ತಿಲ ಹೊರಗೆ ನಿಂತರು. ಬಜಾರಕ್ಕೇ ಬಾರದ ಹೆಣ್ಣುಮಗಳು. ನಾಲ್ಕು ಜನರೆದುರು ಗಂಡನೊಡನೆ ನೇರ ಮಾತಾಡದ ಕಾಲದವರು, ಹೀಗಾಗಿ ನನ್ನ ಮುಖ ನೋಡಿ ಮಾತಾಡಿದರು.

‘ಅಂದಾನೆಪ್ಪ, ಆ ಬಾಯಾರು ತಮ್ಮ ಕೂಸಿನ್ನ ಮಣ್ಣಿಗಿಟ್ಟು ಬಂದ ಕೈಲೇ ನಮ್ಮ ಪಾಂಡುರಂಗನ್ನ ಎತ್ತಿ ಕೊಟ್ರು. ಆ ಕೈ ನಮಗ ಮಂಗಳ ಆತು. ಆ ಕೂಸಿನ ಹೆಸರು ಹ್ಯಾಂಗ ಅಮಂಗಳ ಆಗ್ತದ ಅಂತ ಇವರಿಗೆ ಕೇಳು.’

ನಾನು ಕೇಳುವ ಅಗತ್ಯ ಬೀಳಲಿಲ್ಲ. ಆಚಾರ್ಯರು ಕರಡಿನ ಮೇಲಿಂದ ತಲೆ ಎತ್ತದೆ, ‘ಜಾಗಾ ಇಲ್ಲ,’ ಎಂದರು.

‘ಸಮುದ್ರದ ಸಾಲು ತಗದ್ರ ಜಾಗಾ ಆಗತೈತ್ರಿ,’ ಎಂದೆ ನಾನು.

ಜನಿವಾರ ಕಿತ್ತು ಕೊಡಿ ಎಂದು ಕೇಳಿದವನನ್ನು ನೋಡಿದ ಹಾಗೆ ನನ್ನನ್ನು ನೋಡಿದರು. ಸಮುದ್ರ, ಮೇರು, ಕಾಮಧೇನು ಇಲ್ಲದೆ ಯಾರನ್ನೂ ಅವರು ಈ ತಾಲೂಕು ದಾಟಿಸಿದವರಲ್ಲ. ಹೊಸ್ತಿಲಲ್ಲಿ ಮಥುರಾಬಾಯಿ ಮೊಣಕಾಲು ಹಿಡಿದುಕೊಂಡು ನಿಂತೇ ಇದ್ದರು.

‘ತಗಿ,’ ಎಂದರು ಆಚಾರ್ಯರು.

ಆಮೇಲೆ ಬರೆಯಲು ಕೂತರು. ನೂರಾರು ಅಧಿಕಾರಿಗಳನ್ನು ಹೊಗಳಿದ ಲೇಖನಿ ಅಂದು ಒಂದು ತಾಸು ಒದ್ದಾಡಿತು. ನಾಲ್ಕು ಹಾಳೆ ಹರಿದು, ಐದನೆಯದನ್ನು ನನ್ನ ಕೈಗಿಟ್ಟು, ನಾನು ಓದುವಾಗ ನನ್ನ ಮುಖ ನೋಡದೆ ಹೊರಟುಹೋದರು. ಹೆಂಡತಿ ಹಿಂದಿನಿಂದ ಕುಂಟುತ್ತ ಹೋದರು.

ಸಭೆ ಸಾಲೆಯ ಮೈದಾನದಲ್ಲಿ ನಡೆಯಿತು. ಹನ್ನೊಂದು ಮಂದಿ ಭಾಷಣಕಾರರೂ ಮಾತು ಕಡಿಮೆ ಮಾಡುವ ಬಗ್ಗೆ ಸವಿಸ್ತಾರವಾಗಿ ಮಾತಾಡಿದರು. ಕೊನೆಗೆ ಆಚಾರ್ಯರು ಚೌಕಟ್ಟು ಎತ್ತಿಕೊಂಡು ರಾಗ ತೆಗೆದರು. ಸಿಲೋನ್ ದಾಟಿತು, ಪೆನಾಂಗ್ ಬಂತು, ಅಲ್ಲಿ ರಾಗ ನಿಂತಿತು. ಮನೆಯಲ್ಲಿ ಮಾತಾಡುವ ದನಿಯಲ್ಲಿ ಓದಿದರು: ‘ನಿಮ್ಮ ಮಗಳು ಮಾರ್ಗರೆಟ್ ಮೂರು ವರ್ಷ ಬದುಕಿ ಪೆನಾಂಗಿನಲ್ಲಿ ಉಳಿದಳು. ಅವಳನ್ನು ಎತ್ತಿಕೊಳ್ಳಬೇಕಾದ ತೋಳುಗಳಲ್ಲಿ ನೀವು ನಮ್ಮ ಮಕ್ಕಳನ್ನು ಎತ್ತಿಕೊಂಡಿರಿ.’

ಡಾಕ್ಟರಬಾಯಿ ಸಾಹೇಬರ ಕೈ ಹಿಡಿದುಕೊಂಡರು.

ಆಚಾರ್ಯರು ಚೌಕಟ್ಟು ಇಳಿಸಿ, ಕಾಗದದಲ್ಲಿ ಇಲ್ಲದ ಮಾತೊಂದನ್ನು ಹೇಳಿದರು. ‘ನಮ್ಮ ಪಾಂಡುರಂಗನೂ ಆ ತೋಳಾಗ ಹುಟ್ಟ್ಯಾನ್ರಿ. ನಾ ಇದನ್ನ ಮುಚ್ಚಿಟ್ಟಿದ್ದೆ.’

ಸಭೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಯಾರಿಗೂ ಆಶ್ಚರ್ಯವಾಗದ್ದನ್ನು ಕಂಡು ಆಚಾರ್ಯರಿಗೇ ಬಹಳ ಆಶ್ಚರ್ಯವಾಯಿತು. ಇಪ್ಪತ್ತಮೂರು ವರ್ಷ ತಾವು ಗುಟ್ಟು ಕಾಯುತ್ತಿದ್ದೇವೆಂದು ತಿಳಿದಿದ್ದರು. ಊರೇ ಅವರ ಮಾನ ಕಾಯುತ್ತಿತ್ತು.

ಗಾಬರಿಯಲ್ಲಿ ಉಳಿದ ಭಾಗವನ್ನು ಗಡಿಬಿಡಿಯಿಂದ ಓದಿದರು. ಒಂದು ಸಾಲಿನ ಚಿಂತೆಯಲ್ಲಿ ಕೊನೆಯ ಪ್ಯಾರಾವನ್ನು ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ‘ತಾವು ಶೀಘ್ರವೇ ಬಡ್ತಿ ಹೊಂದಿ ಮರಳಿ ಇದೇ ತಾಲೂಕಿಗೆ ವರ್ಗವಾಗಿ ಬರಲೆಂದು ಹಾರೈಸುತ್ತೇವೆ’ ಎಂದು ಅದು ಎಲ್ಲ ಮಾಮಲೇದಾರರಿಗೆ ಹೇಳಿದ್ದನ್ನೇ ಹೇಳಿತು.

ಎಪ್ಪತ್ತೊಂದು ವರ್ಷದ ಸಾಹೇಬರು ಎದ್ದುನಿಂತರು. ‘ಇನ್ನ ನನಗೆಲ್ಲಿ ಬಡ್ತಿರಿ ಆಚಾರ್ಯರ? ಮ್ಯಾಲಿನ ಆಫೀಸಿನ್ಯಾಗ ಒಂದು ಜಾಗಾ ಐತಿ, ಅದಕ್ಕ ಅರ್ಜಿ ಹಾಕೇನಿ.’ ಮೈದಾನವೆಲ್ಲ ನಕ್ಕಿತು. ಡಾಕ್ಟರಬಾಯಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಚಹಾ ಕೊಟ್ಟರು. ಆಚಾರ್ಯರು ಮುಟ್ಟಲಿಲ್ಲ. ಏಕಾದಶಿಯಂತೆ.

ಮಾರ್ಚಿನಲ್ಲಿ ಮಾಮಲೇದಾರರಿಗೆ ವರ್ಗವಾಯಿತು. ಆಚಾರ್ಯರು ಹೆಸರು ಬರೆದ ಚೀಟಿ ಹಿಡಿದು ಬಂದರು. ‘ಸಮುದ್ರ ಹಾಕು,’ ಎಂದರು.

‘ಮಾರ್ಗರೆಟ್‌ಳ ಸಾಲು ಕಟ್ಟಿ ಇಡ್ಲೇನ್ರಿ? ಮುಂದ ಯಾರಿಗಾದ್ರೂ ಬೇಕಾದೀತು,’ ಎಂದು ಚುಚ್ಚಿದೆ.

ಅವರು ತಟ್ಟೆಯ ಹತ್ತಿರ ಬಂದು, ತಿರುವುಮುರುವಾಗಿ ಕೂತ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ‘ಬ್ಯಾಡ, ಬಿಚ್ಚು,’ ಎಂದರು. ‘ಅದು ಇನ್ನ್ಯಾರಿಗೂ ಹೊಂದೂದಿಲ್ಲ.’

ದಾರ ಬಿಚ್ಚಿದೆ. ಅವೇ ಮೊಳೆಗಳನ್ನು ಹೆಕ್ಕಿ ಮಾಮಲೇದಾರರಿಗೆ ಸಮುದ್ರ ಜೋಡಿಸಿದೆ.