ಹಾಜರಿಯಲ್ಲಿ ಉಳಿದ ಹುಡುಗಿ

ಕಿವುಡ ಮಕ್ಕಳ ಶಾಲೆಯಲ್ಲಿ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಪ್ರತಿ ಮಗುವಿಗೂ ಕೈಯಲ್ಲಿ ಮಾಡುವ ಒಂದು ಹೆಸರಿದೆ. ಒಬ್ಬಳದು ಗಲ್ಲದ ಗುಳಿ, ಇನ್ನೊಬ್ಬನದು ಸದಾ ಕಚ್ಚುವ ಕಾಲರ್. ಎಲ್ಲರಿಗಿಂತ ದೊಡ್ಡ ಹುಡುಗಿ ಮುಂದೆ ನಿಂತು ಒಂದೊಂದೇ ಗುರುತು ಮಾಡುತ್ತಾಳೆ, ಆ ಗುರುತಿನವರು ಕೈ ಎತ್ತುತ್ತಾರೆ, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಎಡ ಹುಬ್ಬನ್ನು ಬೆರಳಿನಿಂದ ಅಡ್ಡ ಗೀರಿದರೆ ಅದು ಚಿಂಚೋಳಿ ಕಡೆಯ ಐನಾಪುರದ ಹುಡುಗಿ. ಹಳೆಯ ಗಾಯವೊಂದು ಅವಳ ಹುಬ್ಬನ್ನು ಎರಡು ಮಾಡಿತ್ತು.

ವಾಡಿಯ ಹತ್ತಿರದ ಸಣ್ಣ ಶಾಲೆ ನಮ್ಮದು. ಮಕ್ಕಳು ಅಲ್ಲೇ ಉಳಿಯುತ್ತಾರೆ. ರಾವೂರಿನ ಖಣಿಯಲ್ಲಿ ಕಲ್ಲು ತೆಗೆಯುವವರ ಮಕ್ಕಳು, ಶಹಾಬಾದಿನ ಟೇಲರ್‌ಗಳ ಮಕ್ಕಳು, ಚಿತ್ತಾಪುರದಲ್ಲಿ ಹಣ್ಣಿನ ಗಾಡಿ ಇಟ್ಟವರ ಮಕ್ಕಳು, ಸೇಡಂ ಚಿಂಚೋಳಿ ಕಡೆಯ ಒಕ್ಕಲು ಮನೆಯವರು. ವರ್ಷಕ್ಕೊಮ್ಮೆ ಇವರನ್ನೆಲ್ಲ ಒಂದು ತಖ್ತೆಯಲ್ಲಿ ತುಂಬಿ ಮೇಲಕ್ಕೆ ಕಳಿಸಬೇಕು. ತಾಲೂಕು, ಜಾತಿ, ಧರ್ಮ, ಮಾತೃಭಾಷೆ, ಪ್ರಗತಿ. ಮಾತೃಭಾಷೆಯ ಕಾಲಂ ಬಂದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕನ್ನಡ, ಉರ್ದು, ತೆಲುಗು ಎಂದು ಬರೆಯುತ್ತೇನೆ, ಅದರಲ್ಲಿ ಒಂದು ಮಾತನ್ನೂ ಕೇಳದ ಮಕ್ಕಳ ಮುಂದೆ ಕೂತು.

ದೀಪಾವಳಿ ರಜೆಗೆ ಊರಿಗೆ ಹೋದ ಐನಾಪುರದ ಹುಡುಗಿ ತಿರುಗಿ ಬರಲಿಲ್ಲ. ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅವಳ ಸೋದರಮಾವ ಫೋನ್ ಮಾಡಿ ಹೇಳಿದ್ದು ನನಗೇ. ನಾನು ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಹೇಳಿದರು.

"ತಪಾಸಣಿ ಹತ್ರ ಬಂದದ್ರಿ. ಒಂದು ಮಗು ಕಮ್ಮಿ ಆದ್ರೂ ಸಾಲಿ ಮುಚ್ಚತಾರ. ಮಾರ್ಚ್ ತನಕ ಹೆಸರು ಇರ್ಲಿ. ಹುಡುಗರಿಗೂ ಹೇಳಬ್ಯಾಡ್ರಿ, ಬಂದವರ ಮುಂದ ಕೈ ಮಾಡಿ ತೋರಿಸಿಬಿಡತಾರ."

ಅವರು ಕೆಟ್ಟವರಲ್ಲ. ಶಾಲೆ ಮುಚ್ಚಿದರೆ ಉಳಿದ ಮಕ್ಕಳು ಕುರಿಗಳ ಹಿಂದೆ ಹೋಗುತ್ತಾರೆಂಬುದು ನನಗೂ ಗೊತ್ತಿತ್ತು. ಒಪ್ಪಿಕೊಂಡೆ. ಮಕ್ಕಳ ಮುಂದೆ ನಿಂತು, ಅವಳು ಊರಲ್ಲಿದ್ದಾಳೆ, ಬರುತ್ತಾಳೆ ಎಂದು ಸನ್ನೆ ಮಾಡಿದೆ. ದೊಡ್ಡ ಹುಡುಗಿ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ ತಲೆ ಆಡಿಸಿದಳು.

ಅಂದಿನಿಂದ ದಿನವೂ ಅವಳು ಹುಬ್ಬು ಗೀರುವುದು, ಎಲ್ಲರೂ ಗೋಡೆಯ ಬಳಿಯ ಖಾಲಿ ಜಾಗಕ್ಕೆ ತಿರುಗಿ ಒಂದು ಗಳಿಗೆ ಕಾಯುವುದು, ನಾನು ಹಾಜರಿ ಬರೆಯುವುದು.

ಹಾಜರಿ ಇದ್ದ ಮೇಲೆ ಪರೀಕ್ಷೆಯೂ ಬೇಕಲ್ಲ. ಅವಳ ಉತ್ತರ ಪತ್ರಿಕೆಯನ್ನು ನಾನೇ ಬರೆದೆ. ಅವಳು ಎಡಚಿ, ನಾನೂ ಎಡಗೈಯಲ್ಲಿ ಬರೆದೆ. ಅವಳು ಮೂರನ್ನು ತಿರುಗಿಸಿ ಬರೆಯುತ್ತಿದ್ದಳು, ನಾನೂ ತಿರುಗಿಸಿದೆ. ಕಳೆಯುವ ಲೆಕ್ಕದಲ್ಲಿ ದಶಕ ಕಡ ತರುವುದು ಅವಳಿಗೆ ಎಂದೂ ಬಂದಿರಲಿಲ್ಲ. ಆ ತಪ್ಪನ್ನೂ ಸಾಲಾಗಿ ಮಾಡುತ್ತ ಬಂದೆ. ಕೊನೆಯ ಲೆಕ್ಕದಲ್ಲಿ ಮಾತ್ರ ಕೈ ಕೇಳಲಿಲ್ಲ, ಸರಿ ಉತ್ತರ ಬರೆದುಬಿಟ್ಟೆ. ಇದ್ದಿದ್ದರೆ ಇಷ್ಟು ಹೊತ್ತಿಗೆ ಕಲಿತಿರುತ್ತಿದ್ದಳು ಅನ್ನಿಸಿತು. ತಪಾಸಣೆಗೆ ಬಂದ ಸಾಹೇಬರು ತಲೆ ಎಣಿಸದೆ ಕಾಗದಗಳನ್ನಷ್ಟೇ ತಿರುವಿದರು, ಅದನ್ನೇ ನೋಡಿ, "ಈ ಹುಡುಗಿ ಸುಧಾರಿಸ್ಯಾಳ ನೋಡ್ರಿ" ಎಂದರು.

ಆಮೇಲೆ ಬೋರ್ಡಿನ ಕಡೆ ತಿರುಗಲು ನನಗೆ ಭಯ ಶುರುವಾಯಿತು. ಬೆನ್ನ ಹಿಂದೆ ಅವಳು ಎಡಗೈ ಎತ್ತಿ ಕೂತಿದ್ದಾಳೆ, ನಾನು ನೋಡಲಿ ಎಂದು ಕಾಯುತ್ತಿದ್ದಾಳೆ ಅನ್ನಿಸುವುದು. ತಿರುಗಿದರೆ ಗೋಡೆ.

ಸಂಕ್ರಾಂತಿ ಕಳೆದ ಮೇಲೆ ಪ್ರಗತಿ ಪತ್ರಗಳನ್ನು ಮನೆಗಳಿಗೆ ಟಪಾಲಿನಲ್ಲಿ ಕಳಿಸಿದೆವು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಒಂದೇ ಸಮನೆ ವಿಳಾಸ ಬರೆಯುತ್ತ ಹೋದವಳು, ಐನಾಪುರದ ವಿಳಾಸವನ್ನೂ ಬರೆದೆ. ಅದೂ ಅಂಚೆಗೆ ಹೋಯಿತು.

ಹತ್ತು ದಿನಕ್ಕೆ ಅವಳ ತಾಯಿ ಬಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಬಾಯಿ ಬಿಡುವ ಮೊದಲೇ ನಾನು ಹಾಜರಿ ಪುಸ್ತಕ ಮುಚ್ಚಿದೆ.

"ಬರ್ರಿ, ಕುಂದ್ರಿ" ಎಂದೆ. ಅವಳು ಕೂರಲಿಲ್ಲ. ಸೆರಗಿನಿಂದ ಕಾರ್ಡು ತೆಗೆದಳು.

"ಅಕ್ಕೋರ, ಇದು ಟಪಾಲಿನ್ಯಾಗ ಬಂತು. ನಮ್ಮ ಮೈದುನ ಓದಿದ. ಹುಡುಗಿ ದಿನಾ ಸಾಲಿಗೆ ಬರಲಿಕತ್ತಾಳ, ಲೆಕ್ಕದಾಗ ಭಾಳ ಶಾಣ್ಯಾಕಿ ಆಗ್ಯಾಳ ಅಂತ ಅದಂತ. ನನ್ನ ಕೈಲೇ ಮೈ ತೊಳದೀನ್ರಿ, ಮಣ್ಣು ಮಾಡೀವಿ. ಎಲ್ಲಾ ಗೊತ್ತದ ನನಗ. ಆದ್ರೂ ಮುಂಜಾನೆ ಎದ್ದು ಬಸ್ ಹತ್ತಿದೆ. ಒಂದು ಸಲ ನೋಡಿ ಹೋಗತೀನಿ."

ಅಷ್ಟರಲ್ಲಿ ಮಧ್ಯಾಹ್ನದ ಹಾಜರಿಯ ಹೊತ್ತಾಯಿತು. ಮಕ್ಕಳು ಬಂದು ಕೂತರು, ದೊಡ್ಡ ಹುಡುಗಿ ಗುರುತು ಮಾಡುತ್ತ ಬಂದಳು. ಹುಬ್ಬು ಗೀರಿದಳು. ಎಲ್ಲರೂ ಖಾಲಿ ಜಾಗದ ಕಡೆ ತಿರುಗಿದರು. ತಾಯಿಯೂ ತಿರುಗಿದಳು.

"ಅದು ನನ್ನ ಮಗಳೇನ್ರಿ?"

"ಹೌದ್ರಿ. ಆಕಿ ಹೆಸರು ಅದು."

"ನಡೀಲಿಕ್ಕ ಕಲಿಯಾಗ ಒರಳಿನ ಮ್ಯಾಲ ಬಿದ್ದಿದ್ಲು" ಎಂದು ಅವಳು ತನ್ನ ಹುಬ್ಬನ್ನು ನಿಧಾನವಾಗಿ ಗೀರಿದಳು. ಅವಳು ಇಟ್ಟ ಹೆಸರು ಮಗಳಿಗೆ ಎಂದೂ ಕೇಳಿಸಿರಲಿಲ್ಲ. ಮಗಳಿಗೆ ಗೊತ್ತಿದ್ದ ಹೆಸರಿನಿಂದ ಅವಳು ಎಂದೂ ಕರೆದಿರಲಿಲ್ಲ. ಇನ್ನೊಮ್ಮೆ ಗೀರಿ, ಗೋಡೆಯ ಕಡೆ ನೋಡುತ್ತ ನಿಂತಳು.

ಆಮೇಲೆ ನನ್ನ ಮೇಜಿಗೆ ಬಂದಳು. "ಹೆಸರು ಹೊಡದು ಹಾಕ್ರಿ ಅಕ್ಕೋರ. ನನ್ನ ಮುಂದನ ಹೊಡೀರಿ. ಇನ್ನೊಂದು ಕಾರ್ಡ್ ಬಂತಂದ್ರ ನಾ ಮತ್ತ ಬರತೀನಿ."

ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತಿದ್ದರು, ತಡೆಯಲಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಓದು ಬಾರದ ಅವಳು ಗೆರೆಯ ಮೇಲೆ ಬೆರಳಾಡಿಸಿ, ಕಾರ್ಡನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಮರುದಿನ ಹೆಡ್‌ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದರು. ಮೇಲಿನಿಂದ ಉತ್ತರ ಇನ್ನೂ ಬಂದಿಲ್ಲ, ಶಾಲೆ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಆ ದಿನ ತಾಯಿ ಹೋದ ಮೇಲೆ ನಾನು ಮಕ್ಕಳ ಮುಂದೆ ನಿಂತೆ. ಹುಬ್ಬು ಗೀರಿದೆ, ಸತ್ತಳು ಎಂದು ಸನ್ನೆ ಮಾಡಿದೆ. ಯಾರೂ ಬೆಚ್ಚಲಿಲ್ಲ. ದೊಡ್ಡ ಹುಡುಗಿ ಎದ್ದು ನಿಂತು, ನನಗೆ ಅರ್ಥವಾಗಲೆಂದು ನಿಧಾನವಾಗಿ ಕೈ ಆಡಿಸಿದಳು. ರಜೆ ಮುಗಿದ ದಿನವೇ ಅವರಿಗೆ ಗೊತ್ತಾಗಿತ್ತು, ಅವಳ ಕಡೆಯವಳೇ ಆದ ಚಿಂಚೋಳಿಯ ಹುಡುಗಿ ಹೇಳಿದ್ದಳು. ನಿಮಗೆ ಯಾರೂ ಹೇಳಿಲ್ಲ ಅಂದುಕೊಂಡೆವು, ದಿನಾ ಹಾಜರಿ ಹಾಕುತ್ತಿದ್ದಿರಲ್ಲ, ಹೇಳಿದರೆ ಅಳುತ್ತೀರಿ ಅಂತ ನಾವೂ ಸುಮ್ಮನೆ ಹುಬ್ಬು ಗೀರುತ್ತ ಬಂದೆವು ಎಂದಳು.